10 ಡಿಗ್ರಿ ಮಂಜೂರಾತಿ ಕೋರಿ

ಬಲಗಾಲಿನ ಹರಡಿನವರ ಘನ ಸನ್ನಿಧಾನಕ್ಕೆ,

ಆರ್.ಟಿ. ನಗರದಿಂದ ತಮ್ಮ ಆಜ್ಞಾಧಾರಕನ ಸಾಷ್ಟಾಂಗ ಪ್ರಣಾಮಗಳು. ಸಾಷ್ಟಾಂಗವೆಂದು ಬರೆದದ್ದು ವಾಡಿಕೆಗಷ್ಟೇ. ಎಂಟು ಅಂಗಗಳಲ್ಲಿ ಏಳು ಒಪ್ಪಿಗೆ ಕೊಟ್ಟಿವೆ, ಪಾದದ ಕಡೆಯಿಂದ ಕಡತ ಇನ್ನೂ ಬಂದಿಲ್ಲ. ಆದ್ದರಿಂದ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಅರ್ಧ ನಮಸ್ಕಾರ ಸಲ್ಲಿಸುತ್ತಿದ್ದೇನೆ. ಕೃಪೆಯಿಟ್ಟು ಪೂರ್ತಿಯೆಂದೇ ಸ್ವೀಕರಿಸಬೇಕು.

ಮೊದಲಿಗೆ ಕೃತಜ್ಞತೆ. ಫುಟ್‌ಪಾತಿನ ಚಪ್ಪಡಿಯೊಂದು ಅಲುಗಾಡಿ ನಾನು ಉರುಳಿದಾಗ ಮುರಿದದ್ದು ತಮ್ಮ ಪಕ್ಕದ ಮೂಳೆ. (ಆ ಚಪ್ಪಡಿ ಹಾಸಿದವರು ಯಾರು ಎಂದು ಕೇಳುವಷ್ಟು ಉದ್ಧಟ ನಾನಲ್ಲ.) ಮೂಳೆ ತನ್ನ ಪಾಡಿಗೆ ಕೂಡಿಕೊಂಡು ಕೆಲಸಕ್ಕೆ ಹಾಜರಾಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ರಜೆ ಮುಂದುವರಿಸಿದವರು ತಾವೊಬ್ಬರೇ. ಮುರಿದದ್ದು ಬಂತು, ಮುರಿಯದವರು ಬರಲಿಲ್ಲ!

ತಮ್ಮ ಮನೆತನದ ದೊಡ್ಡಸ್ತಿಕೆ ನನಗೆ ಗೊತ್ತಿಲ್ಲದ್ದೇನಲ್ಲ. ಮೊಣಕಾಲ ಕೆಳಗಿನ ಎರಡು ಮೂಳೆಗಳು ಕಮಾನು ಕಟ್ಟಿ ನಿಂತಿವೆ, ಅದರೊಳಗೆ ಟಾಲಸ್ ಎಂಬ ಮೂಳೆಯ ಆಸನ. ಅದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಸುತ್ತಲಿನವರು ದುಡಿಯುತ್ತಾರೆ, ಅದು ಹೊರಳುತ್ತದೆ. ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆದ್ದಾಗ ಆ ಅಗಲದ ಭಾಗ ಹಿಂದೆ ಸರಿದು ಕಮಾನಿನೊಳಗೆ ಕೂರಬೇಕು. ಬಂದರೆ ತಾನೆ? ಮೊದಲ ಹಬ್ಬಕ್ಕೆ ಬಂದು ಮುನಿಸಿಕೊಂಡ ಅಳಿಯನ ಹಾಗೆ ಹೊಸ್ತಿಲಲ್ಲೇ ನಿಂತಿದೆ. ಕೀಲಿನ ಹಿಂಬದಿಯ ಪೊರೆ ಬಿಗಿದಿದೆ, ಮೀನಖಂಡ ಕುಗ್ಗಿದೆ ಎಂದು ಫಿಸಿಯೋಥೆರಪಿಯವರು ಕಾರಣ ಕೊಟ್ಟರು. ಮುನಿದ ಅಳಿಯನಿಗೆ ಕಾರಣಕ್ಕೇನು ಬರ.

ನಾನು ಬೇಡುವುದಾದರೂ ಎಷ್ಟು? ನೆಟ್ಟಗಿರುವ ಹರಡು ಪಾದವನ್ನು ಸುಮಾರು 20 ಡಿಗ್ರಿ ಮೇಲಕ್ಕೆತ್ತುತ್ತದೆ, 40–50 ಡಿಗ್ರಿ ಕೆಳಕ್ಕೆ ಬಾಗಿಸುತ್ತದೆ. ಸಮನೆಲದಲ್ಲಿ ನಡೆಯಲು ಮೇಲ್ಮುಖವಾಗಿ 10 ಡಿಗ್ರಿಯ ಆಸುಪಾಸು ಸಾಕು. ಊರಿದ ಪಾದವನ್ನು ಮೈ ದಾಟಿ ಮುಂದೆ ಹೋಗುವ ಆ ಅರೆಗಳಿಗೆಯಲ್ಲಿ ಕಣಕಾಲು ಅಷ್ಟು ವಾಲಿದರೆ ನಡಿಗೆ ನಡಿಗೆಯಾಗುತ್ತದೆ. ತಾವು 4ಕ್ಕೇ ಕಡತ ಮುಚ್ಚಿದಿರಿ. 1996ರಲ್ಲಿ ಶುರುವಾದ ಏರೋ ಇಂಡಿಯಾ ಬಂದಾಗಲೆಲ್ಲ ಯಲಹಂಕದ ನೆಂಟರ ತಾರಸಿಯಲ್ಲಿ ನಿಂತು ನೋಡುತ್ತೇವಲ್ಲ, ಟನ್ನುಗಟ್ಟಲೆ ತೂಕದ ವಿಮಾನ ಮೂಗನ್ನು 90 ಡಿಗ್ರಿ ಎತ್ತಿ ನೆಟ್ಟಗೆ ಮುಗಿಲಿಗೇರುವಾಗ ಜನ ಚಪ್ಪಾಳೆ ಹೊಡೆಯುತ್ತಾರೆ. ನನಗೆ ತಮ್ಮ ನೆನಪಾಗಿ ಗಂಟಲು ಕಟ್ಟುತ್ತದೆ.

ತಮ್ಮ ಗೈರುಹಾಜರಿಯಲ್ಲಿ ಕೆಲಸವೇನೂ ನಿಂತಿಲ್ಲ, ಚಿಂತಿಸಬೇಡಿ. ಹಿಮ್ಮಡಿ ಹೊತ್ತಿಗೆ ಮುಂಚೆಯೇ ನೆಲ ಬಿಟ್ಟೇಳುತ್ತದೆ. ಭಾರವೆಲ್ಲ ಮುಂಗಾಲಿಗೆ ಬಿದ್ದು ಹೆಬ್ಬೆರಳ ಬುಡ ಜಡ್ಡುಗಟ್ಟಿದೆ. ಮೊಣಕಾಲು ಹಿಂದಕ್ಕೆ ಸೆಟೆಯುತ್ತದೆ. ಪಾದ ಹೊರಕ್ಕೆ ತಿರುಗಿಕೊಂಡು ತಮ್ಮನ್ನು ಬಳಸಿ ಹೋಗುತ್ತದೆ, ದೇವರಿಗೆ ಪ್ರದಕ್ಷಿಣೆ ಹಾಕಿದಂತೆಯೇ ಅನ್ನಿ. ಯಾವ ತಂಟೆಗೂ ಹೋಗದ ಎಡಗಾಲು ತನ್ನ ಹೆಜ್ಜೆಯನ್ನು ಮೊಟಕು ಮಾಡಿಕೊಂಡಿದೆ. ಸಂಜೆಗೆ ನೋಯುವುದು ಸೊಂಟ. ತಮಗೆ ಮಾತ್ರ ನೋವಿಲ್ಲ. ತಮ್ಮ ಆರೋಗ್ಯದ ಗುಟ್ಟನ್ನು ಸೊಂಟ ಆಗಾಗ ವಿಚಾರಿಸುತ್ತಿರುತ್ತದೆ.

ನಮ್ಮ ಬಡಾವಣೆಯ ಫುಟ್‌ಪಾತಿಗೂ ತಮಗೂ ಯಾವ ಜನ್ಮದ ಸಂಬಂಧವೋ ಕಾಣೆ. ಪಾದಚಾರಿ ದಾರಿಯ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಬರೆದಿಟ್ಟಿತ್ತು. ಬರೆದವರು ಪುಣ್ಯವಂತರು. ಇಲ್ಲಿ ಒಂದು ಕಡೆ ಮೊಣಕಾಲೆತ್ತರ, ಹತ್ತು ಹೆಜ್ಜೆಗೆ ಫುಟ್‌ಪಾತೇ ಇಲ್ಲ. ಇದ್ದಲ್ಲಿ ಪ್ರತಿ ಗೇಟಿನ ಮುಂದೆ ಕಾರು ಹತ್ತಿಸಲು ಒಂದು ಇಳಿಜಾರು. ಒಬ್ಬರದು ಗ್ರಾನೈಟ್, ಇನ್ನೊಬ್ಬರದು ಸಿಮೆಂಟು, ಮೂರನೆಯವರದು ಮಳೆಗೆ ಪಾಚಿ ಹಿಡಿದ ಟೈಲ್ಸು. ಏರಬೇಕು, ಇಳಿಯಬೇಕು, ಟ್ರಾನ್ಸ್‌ಫಾರ್ಮರ್ ಬಳಸಬೇಕು, ಮತ್ತೆ ಏರಬೇಕು. ಏರುವಲ್ಲೆಲ್ಲ ತಮ್ಮ ಸಹಿ ಬೇಕು, ತಾವು ಸಹಿ ಹಾಕುವುದಿಲ್ಲ. ಕೊನೆಗೆ ರಸ್ತೆಗಿಳಿದರೆ ಹಿಂದಿನಿಂದ ಬೈಕಿನವನು, "ಅಂಕಲ್, ಫುಟ್‌ಪಾತ್ ಇಲ್ವಾ ನಿಮಗೆ?" ಎನ್ನುತ್ತಾನೆ. ಅವನು ಬಂದದ್ದೇ ಫುಟ್‌ಪಾತಿನಿಂದ ಇಳಿದು.

ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆ ದಾಟಲು ಸ್ಕೈವಾಕ್ ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗಲೇ ತಮ್ಮ ಮಹಿಮೆ ಬೆಳಗುವುದು. ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ಹರಡು ಸಮನೆಲದ ನಡಿಗೆಗಿಂತ ಹೆಚ್ಚು ಬಾಗಬೇಕಾದ್ದರಿಂದ ತಮ್ಮನ್ನು ಹಿಂದೆ ಬಿಡುವಂತಿಲ್ಲ. ಪ್ರತಿ ಮೆಟ್ಟಿಲಿಗೂ ಮೊದಲು ತಾವು ದಯಮಾಡಿಸಬೇಕು, ಆಮೇಲೆ ಎಡಗಾಲು ಬಂದು ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕು. ಇಷ್ಟು ಅಗ್ರಪೂಜೆ ನಡೆಯುವಾಗ ಹಿಂದಿನವರು "ಸ್ವಲ್ಪ ಬೇಗ ಸಾರ್" ಅಂದರೆ ಅವರ ಅಜ್ಞಾನವನ್ನು ಕ್ಷಮಿಸಿ. ಯಶವಂತಪುರ ನಿಲ್ದಾಣದ ಮೇಲ್ಸೇತುವೆಯ ವಿಷಯ ಬೇಡ, ಅಲ್ಲಿ ರೈಲು ತಮಗಾಗಿ ಕಾಯುವುದಿಲ್ಲ.

ಒಂದು ಮಾತು ಹೇಳಲೇಬೇಕು, ಮುನಿಸಿಕೊಳ್ಳಬಾರದು. ಹಿಂದೆ ಹೊರದೇಶದಿಂದ ಬರುತ್ತಿದ್ದ ಕೃತಕ ಪಾದದ ಹರಡು ಗಟ್ಟಿ ಕೊರಡಾಗಿತ್ತು. ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆ ಅದು ಸಾಕಾಗಿತ್ತು. ಕುಕ್ಕರುಗಾಲಲ್ಲಿ ಕೂತು, ಚಕ್ಕಳಮಕ್ಕಳ ಹಾಕಿ ಉಂಡು, ಬರಿಗಾಲಲ್ಲಿ ಗದ್ದೆಗಿಳಿಯುವವರು ಅದನ್ನು ಮೂಲೆಗಿಟ್ಟರು. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪ್ರಮೋದ್ ಕರಣ್ ಸೇಠಿ ರಬ್ಬರು, ಮರ ಸೇರಿಸಿ ಎಲ್ಲ ದಿಕ್ಕಿಗೂ ಮಣಿಯುವ ಪಾದ ಮಾಡಿದರು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ರಬ್ಬರಿಗೆ ಬಂದ ವಿನಯ ರಕ್ತಮಾಂಸದ ತಮಗೆ ಬಾರದಿರುವುದು ತಮ್ಮ ಘನತೆಗೆ ತಕ್ಕುದೇ. ಆದರೆ ದೊಡ್ಡಬಳ್ಳಾಪುರದ ನೆಂಟರ ಮನೆಯಲ್ಲಿ ಇರುವುದು ಹಳೇ ಕಾಲದ ಕಕ್ಕಸು. ಒಂದು ರಾತ್ರಿ ಉಳಿದುಕೊಳ್ಳಿ ಎಂದು ಅವರು ಬಲವಂತ ಮಾಡಿದಾಗ ನಾನು ಯಾಕೆ ತಡಬಡಾಯಿಸುತ್ತೇನೆಂದು ಅವರಿಗೆ ತಿಳಿಯದು.

ಪಕ್ಕದ ಮನೆಯವರು ಆಂಧ್ರದ ಪುತ್ತೂರಿಗೆ ಹೋಗಿ ಮೂಳೆ ಕಟ್ಟು ಹಾಕಿಸಿ ಎಂದರು, ಎದುರು ಮನೆಯವರು ಎಣ್ಣೆ ಎಂದರು. ನಾನು ತಮ್ಮ ನಿತ್ಯಸೇವೆಯನ್ನೇ ನಂಬಿದ್ದೇನೆ. ಬೆಳಿಗ್ಗೆ ಬಿಸಿನೀರಿನ ಅಭಿಷೇಕ, ಟವೆಲಿನಿಂದ ಎಳೆಯುವ ಉಪಚಾರ, ಆಮೇಲೆ ಗೋಡೆಗೆ ಮುಖ ಮಾಡಿ, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸುವ ವ್ರತ. ಬೆರಳಿಗೂ ಗೋಡೆಗೂ ನಡುವಿನ ಅಂತರ ಒಂದು ಸೆಂಟಿಮೀಟರ್ ಹೆಚ್ಚಿದರೆ ಸುಮಾರು ಮೂರೂವರೆ ಡಿಗ್ರಿ ಗಳಿಸಿದಂತೆ. ಬಾಕಿ 6 ಡಿಗ್ರಿಗೆ ಎರಡು ಸೆಂಟಿಮೀಟರ್‌ಗೂ ಕಡಿಮೆ ಜಾಗ ಸಾಕು. ಎಕರೆಗಟ್ಟಲೆ ಜಮೀನು ಒಂದೇ ಅರ್ಜಿಗೆ ಕೈ ಬದಲಾಯಿಸುವ ಕಾಲದಲ್ಲಿ ಇಷ್ಟಕ್ಕಾಗಿ ದಿನವೂ ಗೋಡೆಗೆ ಮೊಣಕಾಲು ಹಚ್ಚುತ್ತಿದ್ದೇನೆ. ಒಂದೇ ಬಾರಿಗೆ ಬೇಡ, ಕಂತಿನಲ್ಲಾದರೂ ದಯಪಾಲಿಸಿ.

ಇತಿ ತಮ್ಮ ವಿಧೇಯ,
ಮೊಣಕಾಲು, ಸೊಂಟ ಹಾಗೂ ಎಡಗಾಲಿನ ಪರವಾಗಿಯೂ

ತಾ.ಕ.: ಯಲಹಂಕದ ಕಡೆ ಡಿಸೆಂಬರ್ ಚಳಿ ಶುರುವಾಗಿದೆ. ಹಾಸಿಗೆಯಿಂದೆದ್ದ ಮೊದಲ ಹೆಜ್ಜೆಗಳಲ್ಲಿ ತಾವು ಈಗ ಕೊಟ್ಟಿರುವ 4 ಡಿಗ್ರಿಯನ್ನೂ ಹಿಂಪಡೆಯುತ್ತಿದ್ದೀರಿ. ಇದಕ್ಕೆ ನೋಟಿಸು ಕೊಡುವ ಪದ್ಧತಿ ಇಲ್ಲವೇ?