ಶೋಕೇಸಿನಲ್ಲೊಬ್ಬ ಹೂಂಗುಟ್ಟುವವ

ನಿಮ್ಮ ಮನೆ ಹಾಲಲ್ಲಿ ಒಂದು ಗಾಜಿನ ಶೋಕೇಸ್ ಇದೆ. ಇಲ್ಲ ಅನ್ಬೇಡಿ ಮಾರಾಯ್ರೇ, ಮೂಡಿಗೆರೆಯಿಂದ ಕಳಸದವರೆಗೆ ಶೋಕೇಸಿಲ್ಲದ ತೋಟದ ಮನೆ ನಾನಂತೂ ಕಂಡಿಲ್ಲ. ಅದರಲ್ಲಿ ಮಗಳು ಸ್ಕೂಲಲ್ಲಿ ಗೆದ್ದ ಕಪ್ಪು, ಚನ್ನಪಟ್ಟಣದ ಕುದುರೆ, ಯಾರದೋ ಮದುವೇಲಿ ಕೊಟ್ಟ ಗಡಿಯಾರ (ನಡೆಯಲ್ಲ, ಸೆಲ್ ಹಾಕಿದ್ರೆ ತಾನೇ?). ಈಗ ಅವುಗಳ ಮಧ್ಯೆ ಹೊಸಬನೊಬ್ಬ ಬಂದು ನಿಂತಿದಾನೆ, ಬಾಕ್ಸ್ ಸಮೇತ. ದೊಡ್ಡ ತಲೆ, ಸಣಕಲು ಮೈ, ಉದ್ದ ಕೂದಲು, ಕುತ್ತಿಗೇಲಿ ಸ್ಪ್ರಿಂಗು.

ಕ್ಯಾಲಿಫೋರ್ನಿಯಾದಿಂದ ಮಗ ತಂದಿದ್ದು ಅಲ್ವಾ? ಬಂದೋರು "ಇದ್ಯಾರು?" ಅಂದ್ರೆ ನೀವು ಗತ್ತಿನಿಂದ "ಅಮೆರಿಕದ್ದು" ಅಂತೀರಿ. ಕೇಳಿದ್ದು ಯಾರು ಅಂತ, ಹೇಳಿದ್ದು ಎಲ್ಲೀದು ಅಂತ. ಇರ್ಲಿ, ನಾನೇ ಹೇಳ್ತೀನಿ, ಮುಂದಿನ ಸಲಕ್ಕಾದ್ರೂ ಬೇಕಾಗತ್ತೆ.

ಅವನು ಟಿಮ್ ಲಿನ್ಸೆಕಮ್. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡದಲ್ಲಿ ಪಿಚ್ಚರ್, ಅಂದ್ರೆ ಚೆಂಡು ಎಸೆಯೋನು, ಆಗಿದ್ದ. 2008ರಲ್ಲಿ, 2009ರಲ್ಲಿ, ಎರಡು ವರ್ಷ ಬೆನ್ನು ಬೆನ್ನಿಗೆ, ಲೀಗಿನ ಅತ್ಯುತ್ತಮ ಪಿಚ್ಚರಿಗೆ ಕೊಡೋ ಸೈ ಯಂಗ್ ಪ್ರಶಸ್ತಿ ಹೊಡೆದೋನು. ನಮ್ಮ ಕ್ರಿಕೆಟ್ ಪಿಚ್ಚು 66 ಅಡಿ; ಇವನು ನಿಂತು ಎಸೀತಿದ್ದಿದ್ದು 60 ಅಡಿ 6 ಇಂಚಿನಿಂದ, ಚೆಂಡು ನೆಲ ಮುಟ್ಟೋ ಮಾತೇ ಇಲ್ಲ. ಮೊಣಕೈ ಬೇರೆ ಬಗ್ಗಿಸಿ ಎಸೀತಿದ್ದ. (ನಮ್ಮಲ್ಲಿ 15 ಡಿಗ್ರಿ ಮೀರಿ ನೆಟ್ಟಗಾದ್ರೂ ಬೌಲಿಂಗೇ ಬಂದ್. ನಿಮ್ಮಪ್ಪ ಟೀವೀಲಿ ನೋಡಿ "ನೋ ಬಾಲ್!" ಅಂತ ಕೂಗಿದ್ರೆ ತಪ್ಪಿಲ್ಲ.)

ಇಂಥ ಬೊಂಬೇನ ಅಲ್ಲಿ ಸ್ಟೇಡಿಯಂ ಗೇಟಲ್ಲಿ ಪುಕ್ಕಟೆ ಹಂಚ್ತಾರೆ ಗೊತ್ತಾ? ಅದರ ಭರಾಟೆ ಶುರು ಮಾಡಿದ್ದೂ ಇದೇ ಜೈಂಟ್ಸ್: 1999ರ ಮೇ 9ಕ್ಕೆ ವಿಲ್ಲಿ ಮೇಸ್ ಅನ್ನೋ ಹಳೇ ಹುಲಿಯ ಬೊಂಬೆ ಕೊಟ್ಟರು. 2024ರ ಮೇ 16ಕ್ಕೆ ಲಾಸ್ ಏಂಜಲೀಸಲ್ಲಿ ಶೋಹೆ ಒಹ್ತಾನಿ ಅನ್ನೋ ಆಟಗಾರನ ಬೊಂಬೆ, ಮೊದಲು ಬಂದ 40,000 ಜನಕ್ಕೆ. ಗೇಟು ತೆಗೆಯೋಕೆ ಎಷ್ಟೋ ಹೊತ್ತು ಮುಂಚೆ ಸಾಲು! ಮಿಲ್ವಾಕಿಯಲ್ಲಂತೂ 2019ರಿಂದ ಇವಕ್ಕೇ ಒಂದು ಮ್ಯೂಸಿಯಂ.

ನಕ್ಕಿರಿ ಅಲ್ವಾ? ಎಂಥಾ ಮರುಳಪ್ಪ, ಬೊಂಬೆಗೆ ಕ್ಯೂ ಅಂತ? ಕೃಷಿ ಮೇಳದಲ್ಲಿ ಗೊಬ್ಬರದ ಕಂಪನಿಯೋರು ಟೋಪಿ ಕೊಡ್ತಿದ್ದಾಗ ಎರಡು ಸಲ ಸಾಲಲ್ಲಿ ನಿಂತೋರು ಯಾರು? (ಎರಡನೇ ಸಲ ಕನ್ನಡಕ ತೆಗೆದು ನಿಂತಿದ್ರಿ. ನಾನು ನಿಮ್ಮ ಹಿಂದೇನೇ ಇದ್ದೆ.)

ಇನ್ನು ಬಾಕ್ಸಿನ ವಿಷಯ. "ಒಡೀಬೇಡಿ, ಒಡೆದ್ರೆ ರೇಟ್ ಬಿದ್ದುಹೋಗತ್ತೆ" ಅಂತ ಮಗ ಹೇಳಿಹೋಗಿದಾನೆ. ನಿಮಗೋ ಅದು ಹೇಳಿಸಿಕೊಳ್ಳೋ ಮಾತೇ ಅಲ್ಲ. ಟೀವಿ ರಿಮೋಟಿಗೆ ಇವತ್ತಿಗೂ ಪ್ಲಾಸ್ಟಿಕ್ ಕವರು, ಹೊಸ ಜೀಪಿನ ಸೀಟಿಗೆ ಶೋರೂಮಿನ ಹೊದಿಕೆ, ಬೋನ್ ಚೈನಾ ಕಪ್ಪುಗಳು ಅಟ್ಟದ ಮೇಲೆ, ಯಾವತ್ತೋ ಬರೋ ದೊಡ್ಡ ನೆಂಟರಿಗೆ.

ಒಂದು ಕೇಳ್ಲಾ? ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಅಂತ ಪ್ರತೀತಿ. ಆ ಏಳನ್ನೂ ಅವರು "ಇರ್ಲಿ, ಹಾಳಾಗತ್ತೆ" ಅಂತ ಡಬ್ಬೀಲೇ ಇಟ್ಟಿದ್ರೆ ನಿಮ್ಮ ಪಾಡು ಎಂತ ಮಾರಾಯ್ರೇ? ಗಿರಿ ಇರ್ತಿತ್ತು. ತೋಟ ಎಲ್ಲಿಂದ, ಜೀಪ್ ಎಲ್ಲಿಂದ, ಸೀಟು ಕವರ್ ಎಲ್ಲಿಂದ?

ಪುಣ್ಯಕ್ಕೆ ನಿಮ್ಮದು ಹೊಸ ಕಾಲದ ಗಟ್ಟಿ ಬೊಂಬೆ. 1960ರ ಸುಮಾರಿಗೆ ಇವನ್ನ ಕಾಗದ ಅರೆದ ಹಿಟ್ಟಿನಲ್ಲಿ ಮಾಡ್ತಿದ್ರು. ಆಟಗಾರ ಯಾರೇ ಆಗ್ಲಿ, ಎಲ್ಲರಿಗೂ ಒಂದೇ ಮುಖ, ಅಂಗಿ ಮಾತ್ರ ಬೇರೆ! ಅಂಥದ್ದನ್ನ ತಂದು ಕಳಸದ ಜುಲೈ ಮಳೇಲಿ ಇಟ್ಟಿದ್ರೆ ಬೂಷ್ಟು ಹಿಡಿದು ಗಡ್ಡ ಬೆಳೆಸ್ತಿದ್ದ.

ಆದ್ರೆ ನನ್ನ ಅನುಮಾನ ಬೇರೆ. ಆ ಬೊಂಬೆ ನಿಮಗೆ ಇಷ್ಟ ಆಗಿದ್ದು ಬೇಸ್‌ಬಾಲಿಗಲ್ಲ, ಅದರ ತಲೆಗೆ. ಯಾರು ಬಂದು ತಟ್ಟಿದ್ರೂ ಹೂಂ ಹೂಂ. ನೀವೇನು ಕಮ್ಮಿಯಾ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು "ಬಿಳಿ ಕಾಂಡಕೊರಕ ಬಿದ್ದ ಅರೇಬಿಕ ಗಿಡ ಹುಡುಕಿ, ಕಿತ್ತು ಸುಡಿ" ಅಂದಾಗ ಮುಂದಿನ ಸಾಲಲ್ಲಿ ಕೂತು ಕೋಲೆ ಬಸವನ ಹಾಗೆ ತಲೆ ಆಡಿಸಿದ್ರಿ. ಊಟ ಮುಗಿಸಿ ಬಂದೋರು ತೋಟದ ಕಡೆ ತಲೆ ಹಾಕಿದ್ರಾ? ರೈಟರ್ ಬಂದು "ಮರಗಸಿ ಲೇಟಾಯ್ತು ಸಾರ್" ಅಂದ, ಹೂಂ. ವ್ಯಾಪಾರಿ "ಔಟ್‌ಟರ್ನ್ ಕಮ್ಮಿ ಬಂದಿದೆ" ಅಂದ, ಅದಕ್ಕೂ ಹೂಂ! (ಮನೆಯೋರು ಮಿಕ್ಸಿ ರಿಪೇರಿ ಅಂದಾಗಿನ ಹೂಂ ಬಗ್ಗೆ ನಾನು ಬಾಯಿ ಬಿಡಲ್ಲ, ನಾಳೆ ನಿಮ್ಮನೇಲಿ ಕಾಫಿ ಕುಡೀಬೇಕು.)

ಅದಕ್ಕೇ ಹೇಳೋದು, ಈ ನವರಾತ್ರಿಗೆ ಆ ಪಿಚ್ಚರನ್ನ ಹೊರಗೆ ತೆಗೀರಿ. ಅತ್ತೆಯವರು ಬೊಂಬೆ ಕೂರಿಸ್ತಾರಲ್ಲ, ತಂಜಾವೂರಿನ ತಲೆಯಾಡಿಸೋ ಬೊಂಬೆ ಅಲ್ಲಿ ಆಗ್ಲೇ ಇದೆ, ಇವನಿಗೆ ಜೊತೆ ಆಗತ್ತೆ. ಪಟ್ಟದ ಬೊಂಬೆ ಪಕ್ಕ ಮಾತ್ರ ಬೇಡ, ಚೆಂಡು ಹಿಡಿದು ರಾಜನಿಗೇ ಗುರಿ ಇಟ್ಟ ಹಾಗೆ ಕಾಣತ್ತೆ. ಕೆಳಗಿನ ಮೆಟ್ಟಿಲಲ್ಲಿ ಕಿಟಕಿ ಕಡೆ ಇಡಿ, ಗಾಳಿಗೆ ತಾನೇ ಆಡ್ತಾನೆ. ಬೆಕ್ಕನ್ನ ಮಾತ್ರ ಹೊರಗೆ ಹಾಕಿ. ಮಗ ವಿಡಿಯೋ ಕಾಲ್ ಮಾಡಿ "ಬಾಕ್ಸ್ ಒಡೆದ್ರಾ?" ಅಂತ ರೇಗಿದ್ರೆ ಫೋನನ್ನ ಅತ್ತೆಯವರ ಕೈಗೆ ಕೊಟ್ಟುಬಿಡಿ.