ಹಂಡೆಯ ಮುಂದೆ ಸೆಕ್ಷನ್ 108

ನಮ್ಮ ಬಾಡಿಗೆ ಮನೆಯ ಗೀಸರ್ ಕೆಟ್ಟದ್ದು ಗೊತ್ತಾಗಿದ್ದು ಆಸಾಡಿಯ ಒಂದು ಸೋಮವಾರ, ಬೆಳಿಗ್ಗೆ ಆರೂವರೆಗೆ. ಗಳಿಗೆ ಇಷ್ಟು ಸರಿಯಾಗಿ ನೆನಪಿರಲು ಕಾರಣ, ಆಗ ನನ್ನ ತಲೆ ತುಂಬ ಶ್ಯಾಂಪೂ ನೊರೆ ಇತ್ತು. ಹೊರಗೆ ಮಳೆ. ಚಕ್ರಾ ನದಿಯಲ್ಲಿ ಹರಿಯಬೇಕಾದ ನೀರು ದಾರಿ ತಪ್ಪಿ ನಮ್ಮ ಶವರಿಗೆ ಬಂದಿದೆಯೇನೋ ಅನ್ನುವಷ್ಟು ತಣ್ಣಗಿತ್ತು.

ನಾನು ಹಾಸನದ ಕಡೆಯವನು. ವಂಡ್ಸೆಗೆ ಬಂದು ಎರಡು ಮಳೆಗಾಲ ಕಳೆದಿದ್ದರೂ ತಣ್ಣೀರಿಗೆ ಒಗ್ಗಿದವನಲ್ಲ. ನಡುಗುತ್ತಲೇ ಹೊರಬಂದು, "ಇದು ಬಾಡಿಗೆದಾರನ ಹಕ್ಕಿನ ಪ್ರಶ್ನೆ" ಎಂದೆ. ಹೆಂಡತಿ ಟವೆಲ್ ಕೊಟ್ಟು, "ಮೊದಲು ಕಿವಿಯ ನೊರೆ ಒರೆಸಿಕೊಳ್ಳಿ" ಅಂದಳು.

ಬೆಂಕಿಗೆ ತುಪ್ಪ ಹಾಕಿದವನು ನ್ಯೂಯಾರ್ಕಿನಲ್ಲಿರುವ ನನ್ನ ತಂಗಿಯ ಮಗ. ಅಲ್ಲಿ ಮನೆ ಮಾಲೀಕ ವರ್ಷದ 365 ದಿನವೂ ಬಿಸಿನೀರು ಕೊಡಲೇಬೇಕಂತೆ. ನಲ್ಲಿಯಲ್ಲಿ ಕನಿಷ್ಠ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 49 ಡಿಗ್ರಿ. ಬರದಿದ್ದರೆ 311 ಒತ್ತಿದರಾಯಿತು, ಪಾಲಿಕೆಗೆ ದೂರು ಹೋಗುತ್ತದೆ. "ಮಾವ, ನೀವೂ ಬಿಡಬೇಡಿ" ಅಂದ. ಬಿಡುವುದುಂಟೇ?

ನಮ್ಮ ಮಾಲೀಕರು ಶೆಟ್ರು. ಒಂದೇ ಅಂಗಳದ ಆಚೆ ಬದಿಯ ಹಳೆ ಮನೆಯಲ್ಲಿ ವಾಸ. ವಿಷಯ ತಿಳಿಸಲು ಹೋದರೆ ಅವರ ತಾಯಿ, ಎಲ್ಲರ ದೊಡ್ಡಮ್ಮ, ಬಚ್ಚಲ ಒಲೆಗೆ ಗೆರಟೆ ತುರುಕುತ್ತಿದ್ದರು. ಒಲೆಯ ಮೇಲೆ ಆಳೆತ್ತರದ ತಾಮ್ರದ ಹಂಡೆ. ಕಳೆದ ದೀಪಾವಳಿಯಲ್ಲಿ ನೀರು ತುಂಬುವ ದಿನ ಕಟ್ಟಿದ್ದ ಹಿಂಡ್ಲಕಾಯಿ ಬಳ್ಳಿ ಹೊಗೆ ಹಿಡಿದು ಇನ್ನೂ ಅದರ ಕುತ್ತಿಗೆಗೆ ಅಂಟಿಕೊಂಡಿತ್ತು.

"ಹ್ವಾಯ್ ಮಾಷ್ಟ್ರೆ, ಅದಕ್ಕೆ ಎಂತಕ್ಕೆ ಮಂಡಿಬಿಸಿ? ಹಂಡಿ ತುಂಬ ಬಿಸ್ನೀರ್ ಇತ್ತ್. ಇಲ್ಲೇ ಮಿಂದ್ಕಣಿ" ಅಂದರು ಶೆಟ್ರು.

ಈ ಊರಿನ ಭಾಷೆಯ ಚಂದ ನೋಡಿ. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಿಸಿಯಾಗಿದ್ದದ್ದು ನನ್ನ ಮಂಡೆ ಒಂದೇ. ಹಕ್ಕು ಕೇಳಲು ಹೋದವನಿಗೆ ಉಪಕಾರ ಕೊಟ್ಟರೆ ಹೇಗೆ ಸಹಿಸುವುದು? "ಬೇಡ, ನಾನು ಬರವಣಿಗೆಯಲ್ಲಿ ಕೊಡುತ್ತೇನೆ" ಎಂದು ಬಂದುಬಿಟ್ಟೆ.

ರಾತ್ರಿಯಿಡೀ ಕಾನೂನು ಓದಿದೆ. ಮೊದಲು ಸಿಕ್ಕಿದ್ದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಹೆಸರೇ ಬಾಡಿಗೆ ಎಂದಿರುವಾಗ ಇನ್ನೇನು ಬೇಕು ಅಂದುಕೊಂಡರೆ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸುವುದೇ ಇಲ್ಲ. ನಾನು ಕೊಡುವುದು 6,500. ಜೀವನದಲ್ಲಿ ಮೊದಲ ಸಲ ನಾನು ಒಂದು ಕಾಯ್ದೆಯ ಮಟ್ಟಿಗೆ ಸಿರಿವಂತನಾಗಿದ್ದೆ.

ಆಮೇಲೆ ಸಿಕ್ಕಿತು ಬ್ರಹ್ಮಾಸ್ತ್ರ: 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಸೆಕ್ಷನ್ 108. ಮಾಲೀಕ ತಾನು ಮಾಡಲೇಬೇಕಾದ ರಿಪೇರಿಯನ್ನು ನೋಟಿಸು ಮುಟ್ಟಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಡ್ಡಿ ಸಮೇತ! ಆ ಎರಡು ಪದ ಓದಿ ನನಗೆ ಬಿಸಿನೀರಲ್ಲಿ ಮಿಂದಷ್ಟೇ ಹಾಯಾಯಿತು. ಬೆಳಗಾಗುವುದರೊಳಗೆ "ಸದರಿ ಬಾಡಿಗೆದಾರನು ಸದರಿ ಬಚ್ಚಲಿನಲ್ಲಿ ಸದರಿ ಶೈತ್ಯದಿಂದ" ಎಂದು ಶುರುವಾಗುವ ಎರಡು ಪುಟದ ನೋಟಿಸು ತಯಾರಾಗಿತ್ತು.

ಶೆಟ್ರು ಕನ್ನಡಕ ಹುಡುಕಿದರು, ಸಿಗಲಿಲ್ಲ. ಕಾಗದವನ್ನು ಜಗಲಿಯ ಮೇಲಿಟ್ಟು ತೋಟಕ್ಕೆ ಹೋದರು. ಆಸಾಡಿಯಲ್ಲಿ ಈ ಊರಲ್ಲಿ ಸೌದೆ ಹಸಿ, ಮಡಲು ಹಸಿ, ಬೆಂಕಿಪೊಟ್ಟಣವೂ ಹಸಿ. ಒಣಗಿದ ಕಾಗದಕ್ಕೆ ಇರುವ ಬೆಲೆ ನೋಟಿಗೂ ಇಲ್ಲ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಸೆಕ್ಷನ್ 108 ಬಚ್ಚಲ ಒಲೆಯಲ್ಲಿ ಚೆನ್ನಾಗಿ ಹತ್ತಿಕೊಂಡಿತ್ತು. ದೊಡ್ಡಮ್ಮನಿಗೆ ನನ್ನ ಮೇಲೆ ಅಂದಿನಿಂದ ವಿಶೇಷ ಅಭಿಮಾನ.

ಇನ್ನೊಂದು ಪ್ರತಿ ಬರೆಯಲು ಕೂತಾಗ ಹೆಂಡತಿ ಪಕ್ಕದಲ್ಲಿ ಬಂದು ಓದಿದಳು. "ರೀ, 'ಮಾಡಲೇಬೇಕಾದ ರಿಪೇರಿ' ಅಂತಿದೆ. ಗೀಸರ್ ಅವರು ಮಾಡಲೇಬೇಕು ಅಂತ ಎಲ್ಲಿದೆ?" ನಮ್ಮ ಹನ್ನೊಂದು ತಿಂಗಳ ಕರಾರು ಪತ್ರ ತೆಗೆದೆವು. ಅಲ್ಲಿ ಇದ್ದದ್ದು ಇಷ್ಟೇ: ಎರಡು ಫ್ಯಾನು, ಒಂದು ಗೀಸರ್, ಸುಸ್ಥಿತಿಯಲ್ಲಿ ಪಡೆದಿದ್ದೇನೆ, ಸುಸ್ಥಿತಿಯಲ್ಲಿ ಮರಳಿಸುತ್ತೇನೆ. ಕೆಳಗೆ ನನ್ನದೇ ರುಜು, ಬಾಲ ಎಳೆದು.

ಹಳೇ ಕಾನೂನು ಬೇಡ, ಹೊಸತು ನೋಡೋಣ ಎಂದೆ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದೆ. ಮಾದರಿ ಅಷ್ಟೇ, ರಾಜ್ಯಗಳು ತಂದುಕೊಂಡರೆ ಉಂಟು. ಅದರ ಎರಡನೇ ಅನುಸೂಚಿಯಲ್ಲಿ ಯಾವ ರಿಪೇರಿ ಯಾರದ್ದು ಎಂದು ಪಟ್ಟಿಯೇ ಇದೆ. ಗೋಡೆ, ಸುಣ್ಣಬಣ್ಣ, ಪೈಪು, ವೈರಿಂಗು ಮಾಲೀಕನದ್ದು. ನಾನು ಗೆಲುವಿನ ದನಿಯಲ್ಲಿ ಓದುತ್ತಾ ಹೋದೆ. ಬಾಡಿಗೆದಾರನದ್ದು: ನಲ್ಲಿಯ ವಾಷರ್, ಚರಂಡಿ ಸ್ವಚ್ಛತೆ, ಸ್ವಿಚ್ಚು, ಸಾಕೆಟ್ಟು, ಮತ್ತು...

"ಮತ್ತು?" ಅಂದಳು ಹೆಂಡತಿ.

"ಕಣ್ಣು ಮಂಜಾಗಿದೆ" ಅಂದೆ. ಅವಳೇ ಫೋನು ಕಿತ್ತುಕೊಂಡು ಓದಿದಳು. ಗೀಸರ್ ರಿಪೇರಿ. ಹೆಸರು ಹಿಡಿದೇ ಬರೆದಿದ್ದಾರೆ. ದಿಲ್ಲಿಯಲ್ಲಿ ಕೂತವರಿಗೆ ವಂಡ್ಸೆಯ ನನ್ನ ಬಚ್ಚಲು ಹೇಗೆ ಕಂಡಿತೋ.

ಅಷ್ಟರಲ್ಲಿ ಶೆಟ್ರೇ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದುಕೊಂಡು ಬಂದರು. ಅವನು ಗೀಸರ್ ಬಿಚ್ಚಿ, ಕಪ್ಪಾದ ಕಾಯಿಲ್ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಿದ: "ಆಯಿತ್ವಾರ ಟ್ಯಾಂಕ್ ತೊಳೆದವ್ರ್ ಯಾರ್?"

ತೊಳೆದವನು ನಾನೇ. ಮಳೆಗೆ ಬಾವಿ ನೀರು ಕಲಕಿ ಟ್ಯಾಂಕಿನ ತಳದಲ್ಲಿ ಕೆಸರು ಕೂತಿತ್ತು. ಕೆಳಗಿನ ನಲ್ಲಿಗಳನ್ನೆಲ್ಲ ಬಿಟ್ಟು ಪೈಪು ಖಾಲಿ ಮಾಡಿದ್ದೆ. ಹಾಗೆ ಮಾಡುವಾಗ ಗೀಸರಿನೊಳಗಿನ ನೀರೂ ಹಿಂದಕ್ಕೆ ಇಳಿದುಹೋಗಿದೆ. ಅದನ್ನು ತಡೆಯಬೇಕಾದ ವಾಲ್ವು ಕೆಸರಿಗೆ ಕಚ್ಚಿಕೊಂಡಿತ್ತು. ಟ್ಯಾಂಕಿಗೆ ನೀರು ಏರಿಸುವ ಮೊದಲೇ, ಬಿಸಿಬಿಸಿ ಸ್ನಾನದ ಆಸೆಗೆ, ಸ್ವಿಚ್ಚು ಒತ್ತಿದವನೂ ನಾನೇ. ಎರಡು ಸಾವಿರ ವ್ಯಾಟಿನ ಕಾಯಿಲ್ ನೀರಿಲ್ಲದೆ ಎಷ್ಟು ಹೊತ್ತು ಬದುಕೀತು?

"ಹೋಯ್ಲಿ ಬಿಡಿ ಮಾಷ್ಟ್ರೆ, ಅರ್ಧ ನಾ ಕೊಡ್ತೆ" ಅಂದರು ಶೆಟ್ರು. ಯಾವ ಸೆಕ್ಷನ್ನಿನಲ್ಲೂ ಇಲ್ಲದ ಮಾತು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದ್ದರಿಂದ ನಾನೇ ಪೂರ್ತಿ ಕೊಟ್ಟೆ, ಬಡ್ಡಿ ಇಲ್ಲದೆ. ಕಾಯಿಲ್ ಕುಂದಾಪುರದಿಂದ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಟವೆಲ್ ಹೆಗಲಿಗೆ ಹಾಕಿ, ಕೊಡೆ ಹಿಡಿದು ಅಂಗಳ ದಾಟಿ, ಹಂಡೆ ನೀರಲ್ಲಿ ಮಿಂದೆ. ದೊಡ್ಡಮ್ಮ ದಿನವೂ ಕೇಳುತ್ತಿದ್ದರು, "ಮಾಷ್ಟ್ರೆ, ಕಾಗ್ದ ಇನ್ನೂ ಇತ್ತಾ?"

ಓದುಗರಲ್ಲಿ ಒಂದೇ ಬಿನ್ನಹ. ಟ್ಯಾಂಕು ತೊಳೆದ ದಿನ ಗೀಸರಿನ ಸ್ವಿಚ್ಚು ಒತ್ತುವ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಬರುತ್ತದೆಯೇ ಎಂದು ನೋಡಿ.