ಘಟಾಭಾವ ಪ್ರಕರಣ: ನಿಡುಗಲ್ಲು ಸೀಮೆಯಲ್ಲಿ ತಿಗರಿ ಹಿಡಿದವನ ಕುರಿತು

ತರ್ಕಶಾಸ್ತ್ರಕ್ಕೂ ಕುಂಬಾರನಿಗೂ ಹಳೆಯ ಲೇವಾದೇವಿ. ಘಟವೊಂದು ಇಲ್ಲದಿದ್ದರೆ ನಮ್ಮ ನೈಯಾಯಿಕರಿಗೆ ಉದಾಹರಣೆಯೇ ಸಿಕ್ಕುತ್ತಿರಲಿಲ್ಲ. ಘಟ, ಪಟ ಎಂದು ಶತಮಾನಗಟ್ಟಲೆ ಗಂಟಲು ಒಣಗಿಸಿಕೊಂಡ ಈ ಪಂಡಿತರಲ್ಲಿ ಒಬ್ಬರಾದರೂ ತಿಗರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರೆ, ಶಾಸ್ತ್ರದಲ್ಲಿ ಕಲಿಯುವವನಿಗೂ ಒಂದು ಅಧ್ಯಾಯ ಇರುತ್ತಿತ್ತು. ಆ ಲೋಪವನ್ನು ತುಂಬಲು ಈ ಪ್ರಬಂಧ.

ಅಧ್ಯಯನದ ಕ್ಷೇತ್ರ, ಮಧುಗಿರಿಯ ಏಕಶಿಲಾ ಬೆಟ್ಟ ಕಾಣುವ ಒಂದು ಊರು. ಅವಧಿ, ಹನ್ನೊಂದು ಭಾನುವಾರ. ಮಾದರಿಯ ಗಾತ್ರ, ಒಬ್ಬ. ಮಾರ್ಗದರ್ಶಕರು, ಎಪ್ಪತ್ತು ದಾಟಿದ ಒಬ್ಬ ಕುಂಬಾರ ತಾತ. ಸಹ ಮಾರ್ಗದರ್ಶಕರು, ಅವರ ಮನೆಯ ಅಜ್ಜಿ. ಸೀಮೆಯ ಇತಿಹಾಸವನ್ನೂ ಹೇಳದಿದ್ದರೆ ಪ್ರಬಂಧ ಅಂಗೀಕಾರವಾಗುವುದಿಲ್ಲ. ನಿಡುಗಲ್ಲು ಪಾವಗಡ ತಾಲ್ಲೂಕಿನ ಬೆಟ್ಟದ ಕೋಟೆ. ಅಲ್ಲಿಂದ ಆಳಿದ ನಿಡುಗಲ್ ಚೋಳರು ಶಾಸನಗಳಲ್ಲಿ ತಮ್ಮನ್ನು ಒರೆಯೂರು ಪುರವರಾಧೀಶ್ವರರೆಂದು ಕರೆದುಕೊಂಡರು. ಒರೆಯೂರು ಇರುವುದು ದೂರದ ತಿರುಚಿರಾಪಳ್ಳಿಯಲ್ಲಿ. ಕೈಯಲ್ಲಿಲ್ಲದ್ದಕ್ಕೆ ಒಡೆಯನೆಂದು ಹೇಳಿಕೊಳ್ಳುವ ಈ ಪರಂಪರೆಗೆ ಸೇರಿದ ನಾನು, ಮೊದಲ ಭಾನುವಾರ ಮನೆಯಲ್ಲಿ “ಸಂಜೆಗೆ ಒಂದು ಹರವಿ ತರ್ತೀನಿ” ಎಂದು ಹೇಳಿಯೇ ಬಸ್ಸು ಹತ್ತಿದೆ.

ಈಗ ಕಾರಣ ವಿಚಾರ. ಮಡಕೆಗೆ ಮಣ್ಣು ಉಪಾದಾನ ಕಾರಣ. ಕುಂಬಾರ, ಚಕ್ರ, ದಂಡ ನಿಮಿತ್ತ ಕಾರಣಗಳು. ಇಷ್ಟಕ್ಕೆ ಸುಮ್ಮನಾಗದ ಶಾಸ್ತ್ರಕಾರರು ಮಣ್ಣು ಹೊತ್ತು ತರುವ ಕತ್ತೆಯನ್ನೂ ಬಿಟ್ಟಿಲ್ಲ. ಮಡಕೆ ಹುಟ್ಟುವ ಮೊದಲು ಕತ್ತೆ ಅಲ್ಲಿ ಇರುತ್ತದೆ, ಆದರೂ ಅದು ಮಡಕೆಗೆ ಕಾರಣವಲ್ಲ, ಅದು ‘ಅನ್ಯಥಾಸಿದ್ಧ’. ಕಲಿಯುವವನು ಯಾವ ವರ್ಗ? ಮಡಕೆಗೆ ಮುಂಚೆ ಅವನೂ ಅಲ್ಲೇ ಇರುತ್ತಾನೆ, ಅವನಿಂದ ಮಡಕೆ ಆಗುವುದಿಲ್ಲ. ಆದ್ದರಿಂದ ಕತ್ತೆಯ ವರ್ಗ ಎಂದು ಬರೆದು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಒಪ್ಪಲಿಲ್ಲ. “ಕತ್ತೆ ಮಣ್ಣಾದ್ರೂ ತರ್ತಿತ್ತು” ಎಂದರು.

ಪೂರ್ವಪಕ್ಷ: ಹುಟ್ಟಿದಾಗಿನಿಂದ ರಾಗಿಮುದ್ದೆಯ ಸಹವಾಸದಲ್ಲಿರುವ ತುಮಕೂರು ಜಿಲ್ಲೆಯವನಿಗೆ ಮಣ್ಣಿನ ಮುದ್ದೆ ಕಷ್ಟವಾಗಬಾರದು. ಸಿದ್ಧಾಂತ: ಮುದ್ದೆ ತಟ್ಟೆಯಲ್ಲಿ ಕೂತಲ್ಲೇ ಕೂರುತ್ತದೆ, ತಿರುಗುವುದಿಲ್ಲ. ತಿಗರಿಯ ಅಂಚಿನ ಕುಳಿಗೆ ಕೋಲಿಟ್ಟು ತಾತ ನಾಲ್ಕು ಸುತ್ತು ಬೀಸಿದರೆ ಆ ಭಾರದ ಚಕ್ರ ಗುಂಯ್ ಎನ್ನುತ್ತ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಮೇಲಿಟ್ಟ ಮಣ್ಣು ನಡುವಿಗೆ ಕೂರಬೇಕು. ನನ್ನದು ಪ್ರತಿ ಸುತ್ತಿಗೂ ಎಡಗೈಗೆ ಒಂದು ಗುದ್ದು ಕೊಟ್ಟು ಹೋಗುತ್ತಿತ್ತು. ನಾನು ಒತ್ತಿದರೆ ಅದು ಆ ಕಡೆ ಉಬ್ಬುವುದು, ಆ ಕಡೆ ಒತ್ತುವಷ್ಟರಲ್ಲಿ ಈ ಕಡೆ ಬಂದಿರುವುದು.

“ಮೇಷ್ಟ್ರೇ, ಮಣ್ಣಿನ ಹಿಂದೆ ಓಡ್ಬ್ಯಾಡಿ. ಮೊಣಕೈ ತೊಡೆಗೆ ಊರ್ಕೊಂಡು ಕೈ ಒಂದ್ಕಡೆ ನಿಲ್ಸಿ. ಅದೇ ಬತ್ತೈತೆ.”

ನಿಲ್ಲಿಸಿದೆ. ಮೂರು ಸುತ್ತಿನ ಮಟ್ಟಿಗೆ ಅಂಗೈಯೊಳಗೆ ಮಣ್ಣು ಒದ್ದೆ ರೇಷ್ಮೆಯ ಹಾಗೆ ಅಲುಗದೆ ಜಾರಿತು. ಆ ಸಂತೋಷದಲ್ಲಿ ಉಸಿರು ಬಿಟ್ಟೆ. ಮಣ್ಣು ಓಲಾಡಿ ನನ್ನ ಪಂಚೆಗೆ ಬಂತು. ಕರೆಂಟಿನ ತಿಗರಿ ಇದ್ದಿದ್ದರೆ ಎಂದು ಕೆಲವರು ವಾದಿಸಬಹುದು. ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯ ಕಡೆಗೆ ಬೊಟ್ಟು ಮಾಡಲೂಬಹುದು. ಕೋಲಿನ ತಿಗರಿಗೆ ಇರುವ ಅನುಕೂಲ ಅವರಿಗೆ ಗೊತ್ತಿಲ್ಲ. ಸೋತಾಗ ಚಕ್ರ ನಿಧಾನವಾಯಿತೆಂದು ಹೇಳಬಹುದು.

ಅಭಾವಗಳು ನಾಲ್ಕು. ಮಡಕೆ ಹುಟ್ಟುವ ಮೊದಲು ಇಲ್ಲದಿರುವುದು ಪ್ರಾಗಭಾವ, ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಉಳಿದೆರಡು ನಮಗೆ ಬೇಡ. ನನ್ನ ಮಡಕೆಗಳು ಪ್ರಾಗಭಾವದಿಂದ ನೇರ ಪ್ರಧ್ವಂಸಾಭಾವಕ್ಕೆ ಹಾರುತ್ತಿದ್ದವು. ನಡುವೆ ಮಡಕೆ ಎಂಬ ಹಂತವೇ ಇರಲಿಲ್ಲ. ಇದು ಶಾಸ್ತ್ರಕ್ಕೆ ನನ್ನ ಸ್ವಂತ ಕೊಡುಗೆ.

ಐದನೆಯ ಭಾನುವಾರ ಗಿಡ್ಡನೆಯ ಒಂದು ಗೋಡೆ ಎದ್ದು ನಿಂತಿತು, ತಳ ಮಾತ್ರ ಇರಲಿಲ್ಲ. ಬೆರಳು ಆಳಕ್ಕೆ ಹೋಗಿ ತಿಗರಿಯೇ ತಗುಲಿತ್ತು. ನಾಚಿಕೊಂಡು ಕೈ ಅಡ್ಡ ಇಟ್ಟೆ. ತಾತ ಬಗ್ಗಿ ನೋಡಿ “ಸರಿ ಐತೆ” ಎಂದರು. ನಮ್ಮ ಕಡೆಯ ಹರವಿ ತಿಗರಿಯಿಂದ ಇಳಿಯುವಾಗ ತಳವಿಲ್ಲದೆಯೇ ಇಳಿಯುತ್ತದಂತೆ. ಅರ್ಧ ಒಣಗಿದ ಮೇಲೆ ಒಳಗೆ ಉರುಟು ಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಮುಚ್ಚಿ, ಹೊಟ್ಟೆ ಹಿಗ್ಗಿಸುವುದು. ನನ್ನ ಅವಿವೇಕ ಪರಂಪರೆಯ ಜೊತೆ ಒಂದಾದದ್ದು ಅದೊಂದೇ ಸಲ. ತಟ್ಟಲು ನನಗೇ ಕೊಟ್ಟರು. ಎರಡನೇ ಏಟಿಗೆ ಹಲಗೆ ಒಳಗಿನ ಕಲ್ಲನ್ನು ಮುಟ್ಟಿತು, ನಡುವೆ ಮಣ್ಣಿರಲಿಲ್ಲ.

ಪುರಾತತ್ವದ ಆಕ್ಷೇಪ ಬಾಕಿ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದು, ಬೋಕಿ ಚೂರುಗಳನ್ನು ಪದರ ಪದರವಾಗಿ ವಿಂಗಡಿಸಿ ಕಾಲ ನಿರ್ಣಯ ಮಾಡಿದರು. ಅಲ್ಲಿ ಕಪ್ಪು-ಕೆಂಪು ಮಡಕೆಗಳವರಿದ್ದರು. ಕಲಿಯುವವರ ಪದರ ಮಾತ್ರ ಇಲ್ಲ. ಕಾರಣ ಸರಳ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದ ಮಣ್ಣು ಮಾತ್ರ ಮತ್ತೆ ಕೆಸರಾಗುವುದಿಲ್ಲ. ಸುಡದ ಮಡಕೆ ನೀರು ಬಿದ್ದರೆ ಕರಗಿ ಮೊದಲಿನ ಮಣ್ಣೇ ಆಗುತ್ತದೆ. ನಮ್ಮದು ಆವಿಗೆಯವರೆಗೆ ಹೋಗುವುದೇ ಇಲ್ಲ. ತಾತ ಅದನ್ನು ಒಂದು ಕೈಯಲ್ಲಿ ಬಾಚಿ ಹಿಂದಕ್ಕೆ ಎಸೆಯುತ್ತಾರೆ, ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಮ್ಮಡಿಯಲ್ಲಿ ತುಳಿಯುತ್ತಾರೆ. ಆದ್ದರಿಂದ, ಎಲ್ಲಿ ಯಾವ ಕುರುಹೂ ಸಿಗುವುದಿಲ್ಲವೋ ಅಲ್ಲಿ ಕಲಿಯುವವರು ಹೆಚ್ಚಾಗಿದ್ದರೆಂದು ಊಹಿಸಬೇಕು. ಈ ಲೆಕ್ಕದಲ್ಲಿ ಶಿರಾದಿಂದ ಪಾವಗಡದವರೆಗಿನ ಬಯಲೆಲ್ಲ ನಮ್ಮವರದೇ.

ಕೊನೆಗೂ ಆವಿಗೆ ಸೇರಿದ್ದು ಒಂದು. ಹರವಿಯಾಗಲು ಹೊರಟು, ಗಡಿಗೆ, ಕುಡಿಕೆ ಎಂದು ಇಳಿಯುತ್ತ ಇಳಿಯುತ್ತ ಹಣತೆಗಿಂತ ಕೊಂಚ ದೊಡ್ಡದಾಗಿ ನಿಂತಿತ್ತು. ಪಾವಗಡದವರು 13,000 ಎಕರೆಗೆ ಸೌರ ಹಲಗೆ ಹಾಸಿ 2,050 ಮೆಗಾವ್ಯಾಟ್ ಹೀರಿಕೊಂಡ ಮೇಲೂ ಮಿಕ್ಕ ಬಿಸಿಲು ಇದರ ಕಂಠವನ್ನು ಸೀಳಿತು. ತಾತ ಬೆರಳಲ್ಲಿ ಸವರಿ ಮುಚ್ಚಿ, ತೆಂಗಿನ ಗರಿ, ಮಟ್ಟೆ, ಸೌದೆಗಳ ನಡುವೆ ತಮ್ಮ ಮಡಕೆಗಳ ಸಂದಿಗೆ ಸೇರಿಸಿದರು. ಬೆಂದು ಬಂತು, ಕೆಂಪಗೇ ಬಂತು. ನಾಲ್ಕನೇ ದಿನಕ್ಕೆ ಪಕ್ಕದಲ್ಲಿ ಉಗುರಿನಷ್ಟು ಚಕ್ಕೆ ಎದ್ದು ಉದುರಿತು. ಒಳಗೆ ಬಿಳಿ ಪುಡಿ. ಮಣ್ಣು ಆರಿಸುವಾಗ ನಾನು ಬಿಟ್ಟ ಸುಣ್ಣಕಲ್ಲು ಬೆಂಕಿಯಲ್ಲಿ ಬೆಂದು, ಗಾಳಿಯ ತೇವ ಕುಡಿದು ಅರಳಿತ್ತು.

ಘಟದ ಪ್ರಯೋಜನ ಜಲಾಹರಣ ಎನ್ನುತ್ತದೆ ಶಾಸ್ತ್ರ. ಅಜ್ಜಿ ಅದನ್ನು ಹಿತ್ತಲಿಗೆ ಒಯ್ದು ಚೊಂಬಿನಿಂದ ನೀರು ಹೊಯ್ದರು. ಕೋಳಿಮರಿ ಎರಡು ಕುಡಿದವು. ಮೂರನೆಯದು ಬರುವಷ್ಟರಲ್ಲಿ ನೀರು ಇಂಗಿತ್ತು.